ಡಾಕ್ಟರ್ ಮೋದುಪೆಯ ನಮಸ್ಕಾರಗಳು

ಡಾಕ್ಟರ್ ಮೋದುಪೆ ಒಗುನ್‌ಸೋಲ ಮಿಶಿಗನ್‌ಗೆ ಬಂದ ಮೇಲೆ ಆ ವಿಶ್ವವಿದ್ಯಾಲಯದ ಕೃಷಿ ವಿಭಾಗದವರು ಕೆಲಸಕ್ಕೆ ತಡವಾಗಿ ತಲುಪತೊಡಗಿದರು. ಅದಕ್ಕೆ ಹಿಮ ಕಾರಣವಲ್ಲ, ಬಸ್ಸೂ ಕಾರಣವಲ್ಲ. ಕಟ್ಟಡದ ಬಾಗಿಲಿನಿಂದ ಮೂರನೆಯ ಮಹಡಿಯ ಪ್ರಯೋಗಾಲಯದ ತನಕ ದಾರಿಯಲ್ಲಿ ಎಲ್ಲಾದರೊಂದು ಕಡೆ ಮೋದುಪೆ ಸಿಗುತ್ತಿದ್ದಳು. ಸಿಕ್ಕರೆ ನಮಸ್ಕಾರ ಹೇಳುತ್ತಿದ್ದಳು. ಅವಳ ನಮಸ್ಕಾರ ಮುಗಿಯುವ ಹೊತ್ತಿಗೆ ಎದುರಿನವರ ಕೈಯ ಕಾಫಿ ಆರಿ ತಣ್ಣಗಾಗಿರುತ್ತಿತ್ತು.

ಇಲ್ಲಿಯವರದು ಬೇರೆ ಜಾಯಮಾನ. 'ಹೇಗಿದ್ದೀರಿ' ಎಂದು ಕೇಳುತ್ತಾರೆ, ಉತ್ತರ ಬರುವ ಮೊದಲೇ ಮೂಲೆ ತಿರುಗಿ ಮಾಯವಾಗುತ್ತಾರೆ. ಮೋದುಪೆ ಬಿಡುವವಳಲ್ಲ. ಬಂದ ಮೊದಲ ವಾರ ಡೀನ್ ಸಾಹೇಬರು ಹಾಗೆ ಕೇಳಿ ಹೊರಟಾಗ ಅವರ ಬೆನ್ನಿಗೇ ಹೋಗಿ, ಲಿಫ್ಟಿನೊಳಗೂ ಹೊಕ್ಕು, "ಮಂಡಿ ಸ್ವಲ್ಪ ನೋವು ಸರ್, ಮಿಕ್ಕಿದ್ದೆಲ್ಲ ದೇವರ ದಯೆ. ನೀವು ಹೇಗಿದ್ದೀರಿ? ನಿಮ್ಮ ತಾಯಿ ಹೇಗಿದ್ದಾರೆ?" ಎಂದು ಕೇಳಿದ್ದಳು. ಡೀನ್ ಅಂದು ಸಂಜೆಯೇ ಬಹಳ ದಿನದ ಮೇಲೆ ತಾಯಿಗೆ ಫೋನ್ ಮಾಡಿದರಂತೆ. ಯಾರೂ ಕಣ್ಣಾರೆ ಕಂಡದ್ದಲ್ಲ, ಆದರೆ ನಂಬಬಹುದಾದ ಸುದ್ದಿ.

ಐವತ್ತು ದಾಟಿದ ಹೆಂಗಸು. ಪಶ್ಚಿಮ ಆಫ್ರಿಕದ ಇಬಾದಾನ್ ಕಡೆಯವಳು. ಅಲಸಂದೆ ಕಾಳು ಕೊರೆಯುವ ಹುಳುಗಳ ಹಿಂದೆ ಬಿದ್ದು ಅರ್ಧ ಆಯುಷ್ಯ ಕಳೆದವಳು. ಅವಳ ತಾಯಿ ಬಸ್ ನಿಲ್ದಾಣದ ಎದುರು ಅಲಸಂದೆ ರುಬ್ಬಿ ಅಕಾರ ಎಂಬ ವಡೆ ಕರಿದು ಮಾರುತ್ತಿದ್ದಳು. ಬಾಣಲೆಯ ಮುಂದೆ ನಿಂತ ಗಿರಾಕಿಯ ಮನೆಮಂದಿಯನ್ನೆಲ್ಲ ವಿಚಾರಿಸದೆ ಆ ಮಹಾತಾಯಿ ಒಂದು ಅಕಾರವನ್ನೂ ಎಲೆಗೆ ಹಾಕಿದವಳಲ್ಲ. ಬಸ್ಸು ಹೊರಟು ಹೋದರೂ ಸರಿ, ಮಾತು ಅರ್ಧಕ್ಕೆ ನಿಲ್ಲುವಂತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮೋದುಪೆ ಮೇಲೆ ಮಿಶಿಗನ್ನಿನ ಚಳಿಯೂ ಪ್ರಯೋಗ ಮಾಡಿ ನೋಡಿತು, ಏನೂ ನಡೆಯಲಿಲ್ಲ.

ಪ್ರತಿ ವರ್ಷ ಆಗಸ್ಟಿನಲ್ಲಿ ಆಫ್ರಿಕದ ಬೇರೆಬೇರೆ ದೇಶಗಳಿಂದ ಹತ್ತು ಹನ್ನೆರಡು ಸಂಶೋಧಕರು ಈ ಊರಿಗೆ ಬರುತ್ತಾರೆ. ಇಲ್ಲಿಯ ಒಬ್ಬೊಬ್ಬ ಪ್ರಾಧ್ಯಾಪಕರ ಜೊತೆ ಜೋಡಿಯಾಗಿ ದುಡಿಯುತ್ತಾರೆ. ಫೆಬ್ರವರಿಯಲ್ಲಿ ಜೋಡಿಜೋಡಿಯಾಗಿ ವೇದಿಕೆ ಹತ್ತಿ, ಮಾಡಿದ ಕೆಲಸವನ್ನು ಸಭೆಗೆ ಹೇಳಿ ಊರಿಗೆ ಮರಳುತ್ತಾರೆ. ಮೋದುಪೆಗೆ ಸಿಕ್ಕ ಜೋಡಿ ಪ್ರೊಫೆಸರ್ ಡಿರ್ಕ್ ಹೋಕ್‌ಸ್ಟ್ರಾ. ತಲೆಮಾರುಗಳಿಂದ ಬೀನ್ಸ್ ಬೆಳೆದ ಮನೆತನದವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತಾಡಿದರೆ ಎಲ್ಲಿ ಮುತ್ತು ಉದುರುತ್ತದೋ ಎಂಬ ಸ್ವಭಾವ. ಇವಳು ಏರಿಗೆ, ಅವನು ನೀರಿಗೆ. ಈ ಜೋಡಿಯನ್ನು ಕಟ್ಟಿದವರ ಬುದ್ಧಿಗೆ ಏನೆನ್ನಬೇಕೋ!

ಶುರುವಿನಲ್ಲಿ ಡಿರ್ಕ್ ಬೆಳಿಗ್ಗೆ ಬಂದವನೇ ಒಂದು 'ಗುಡ್ ಮಾರ್ನಿಂಗ್' ಎಸೆದು ನೇರ ಕೆಲಸಕ್ಕೆ ಕೈಹಾಕುತ್ತಿದ್ದ. ಮೋದುಪೆ ಕೆಲವು ದಿನ ನೋಡಿದಳು. ಆಮೇಲೆ ಮೌನವ್ರತ ಹಿಡಿದಳು. ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ. ಡಿರ್ಕ್‌ಗೆ ಮೊದಮೊದಲು ಅದು ಬಹಳ ಹಿತವಾಗಿತ್ತಂತೆ. ಕೊನೆಗೆ ಅವನಿಗೂ ಏನೋ ಸರಿಯಿಲ್ಲವೆನಿಸಿತು.

"ಮೋದುಪೆ, ಏನಾದ್ರೂ ತೊಂದ್ರೆನಾ?"

"ನೀವು ನಂಗೆ ನಮಸ್ಕಾರ ಹೇಳಿಲ್ಲ."

"ದಿನಾ ಹೇಳ್ತೀನಲ್ಲ!"

"ನಂಗೆಲ್ಲಿ ಹೇಳಿದ್ರಿ? ಫ್ರಿಜ್ಜಿಗೆ ಹೇಳಿದ್ರಿ. ಫ್ರಿಜ್ ನೋಡ್ಕೊಂಡೇ ಒಳಗೆ ಬರ್ತೀರಿ."

ಡಿರ್ಕ್ ಪ್ರಾಮಾಣಿಕ ವಿಜ್ಞಾನಿ. ಒಂದು ಗಳಿಗೆ ಯೋಚಿಸಿ, "ಹೌದು, ಫ್ರಿಜ್ ನೋಡ್ತೀನಿ," ಎಂದು ಒಪ್ಪಿಕೊಂಡ. "ಸರಿ, ಹೇಗೆ ಹೇಳ್ಬೇಕು ಹೇಳಿ."

"ನಿಂತ್ಕೊಂಡು ಹೇಳ್ಬೇಕು. ಯಜಮಾನ್ರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ನಿದ್ದೆ ಬಂತಾ, ಚಳಿ ಹೇಗಿದೆ, ಎಲ್ಲಾ ಕೇಳ್ಬೇಕು."

"ಚಳಿ ಹೇಗಿದೆ ಅಂತ ನಂಗೂ ಗೊತ್ತಲ್ವಾ? ನಾನೂ ಅದೇ ಚಳೀಲಿ ಬಂದೆ."

"ಗೊತ್ತಿರೋದನ್ನ ಕೇಳೋದೇ ನಮಸ್ಕಾರ ಡಿರ್ಕ್. ಗೊತ್ತಿಲ್ದಿರೋದನ್ನ ಕೇಳಿದ್ರೆ ಅದು ಪೊಲೀಸರ ಕೆಲಸ."

ಡಿರ್ಕ್ ಹಿಡಿದ ಕೆಲಸ ಬಿಡುವವನಲ್ಲ. ಮರುದಿನದಿಂದ ಬಂದು, ಫ್ರಿಜ್ಜಿಗೆ ಬೆನ್ನು ಮಾಡಿ ನಿಂತು, ಯಜಮಾನರಿಂದ ಹಿಡಿದು ಚಳಿಯ ತನಕ ಪಾಠ ಒಪ್ಪಿಸತೊಡಗಿದ. ಒಂದು ದಿನ ಎಲ್ಲ ಕೇಳಿ ಮುಗಿಸಿ, ಇನ್ನೇನು ಉಳಿಯಿತೆಂದು ಅತ್ತಿತ್ತ ನೋಡಿ, "ಹುಳುಗಳು ಹೇಗಿವೆ?" ಎಂದ. ಅವನು ತಮಾಷೆಗೆ ಕೇಳಿದ್ದು. ಆದರೆ ನೋಡದೆ 'ಚೆನ್ನಾಗಿವೆ' ಎಂದು ಬಿಡುವುದು ಮೋದುಪೆಯ ಧರ್ಮವಲ್ಲ. ಎದ್ದು ಹೋಗಿ ಹುಳು ಸಾಕುವ ಪೆಟ್ಟಿಗೆ ತೆರೆದು, ತಟ್ಟೆಗಳನ್ನೆಲ್ಲ ನೋಡಿ ಬಂದು ಉತ್ತರ ಹೇಳಿದಳು. ಅಂದಿನಿಂದ ಅವನು ದಿನಾ ಕೇಳುವುದು, ಇವಳು ದಿನಾ ತೆರೆಯುವುದು ನಡೆಯಿತು.

ಸಾಮಾನ್ಯವಾಗಿ ಆ ತಟ್ಟೆಗಳನ್ನು ವಾರಕ್ಕೊಮ್ಮೆ ತೆರೆದು ಎಣಿಸುವುದು ರೂಢಿ. ದಿನಾ ತೆರೆದದ್ದರಿಂದ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವಳು ಊರಿನಿಂದ ತಂದ ಒಂದು ಕಂದು ಬಣ್ಣದ ಅಲಸಂದೆಯ ಮೇಲೆ ಹುಳುಗಳು ಮೊಟ್ಟೆಯೇನೋ ಇಡುತ್ತಿದ್ದವು, ಮರಿಗಳು ಸಿಪ್ಪೆಯನ್ನು ಕೊರೆಯಲಾರದೆ ಸತ್ತು ಬೀಳುತ್ತಿದ್ದವು. ವಾರ ಬಿಟ್ಟು ನೋಡಿದ್ದರೆ ಅವು ಒಣಗಿ ದೂಳಿನ ಜೊತೆ ಬೆರೆತು ಸುಳಿವೇ ಸಿಗುತ್ತಿರಲಿಲ್ಲ. ಡಿರ್ಕ್ ಭೂತಗನ್ನಡಿಯಿಂದ ತಲೆ ಎತ್ತಿ, ಅವನ ಪಾಲಿಗೆ ದೊಡ್ಡ ಭಾಷಣವೆನ್ನಬಹುದಾದದ್ದನ್ನು ಮಾಡಿದ: "ಮೋದುಪೆ, ಇದು ಚೆನ್ನಾಗಿದೆ."

ಚೆನ್ನಾಗಿತ್ತು, ನಿಜ. ಆದರೆ ಆ ಕಂದು ಕಾಳು ಸುಲಭಕ್ಕೆ ನೆನೆಯುವುದಿಲ್ಲ, ಬೇಗ ಬೇಯುವುದಿಲ್ಲ. ಇಬಾದಾನಿನ ಪೇಟೆಯ ಹೆಂಗಸರು ಅದನ್ನು ಮೂಸಿಯೂ ನೋಡುವುದಿಲ್ಲ. ಅದನ್ನು ಮೆತ್ತನೆಯ ಕಾಳಿನ ಜೊತೆ ಕೂಡಿಸಿ ಹೊಸ ತಳಿ ಮಾಡಬೇಕು, ಆ ಊರಿನ ಮಣ್ಣಿನಲ್ಲೇ ಬೆಳೆಸಬೇಕು, ಆ ಊರಿನ ಹುಳುಗಳನ್ನೇ ಬಿಟ್ಟು ನೋಡಬೇಕು. ಬೇಕಾದ ಯಂತ್ರ, ಪೆಟ್ಟಿಗೆ, ದೀಪ ಎಲ್ಲವನ್ನೂ ಕಳಿಸಲು ಇಲ್ಲಿಯವರು ಸಿದ್ಧರಿದ್ದರು. ಅಲ್ಲಿಯವರು ಕೊಡಬೇಕಾದದ್ದು ಒಂದೇ: ಕರೆಂಟು ಹೋಗದ ಒಂದು ಕೋಣೆ. ಕೋಣೆ ಸಿಗದಿದ್ದರೆ ಕೆಲಸ ಮಿಶಿಗನ್ನಿನಲ್ಲೇ ಉಳಿಯುತ್ತದೆ, ಮೋದುಪೆ ಊರಿನಿಂದ ಕಾಳು ಕಟ್ಟಿ ಕಳಿಸುವವಳಾಗಿ ಉಳಿಯುತ್ತಾಳೆ. ಊರಿನಲ್ಲಿದ್ದಾಗಲೇ ಅಂಥದ್ದೊಂದು ಕೋಣೆಗಾಗಿ ಅವಳು ಅಲೆದಿದ್ದಳು, ಸಿಕ್ಕಿರಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ. ಇಲ್ಲಿ ಪೂಜಾರಿ ಪ್ರೊಫೆಸರ್ ಒಯೆವೋಲೆ. ಅವಳ ವಿಶ್ವವಿದ್ಯಾಲಯದಲ್ಲಿ ಕುಲಪತಿಯ ಕೆಳಗಿನ ಯಜಮಾನ, ಒಂದು ಕಾಲಕ್ಕೆ ಅವಳ ಗುರುವೂ ಹೌದು. ಅಲ್ಲಿಯ ಕೋಣೆಗಳ ಬೀಗದಕೈ ಎಲ್ಲ ಅವರದೇ ಜೇಬಿನಲ್ಲಿ. ಕೆಟ್ಟ ಮನುಷ್ಯರಲ್ಲ, ಆದರೆ ಸಭೆಯಲ್ಲಿ ತಮ್ಮ ಹೆಸರು ಯಾವಾಗ ಬಂತು, ಯಾರ ಹಿಂದೆ ಬಂತು ಎಂಬ ವಿಷಯದಲ್ಲಿ ಅವರ ಕಿವಿ ಬಹಳ ಸೂಕ್ಷ್ಮ. ಒಮ್ಮೆ ಯಾರದೋ ಮದುವೆಯಲ್ಲಿ ಪುರಸಭೆಯ ಸದಸ್ಯನ ಹೆಸರಾದ ಮೇಲೆ ತಮ್ಮ ಹೆಸರು ಕರೆದರೆಂದು ಊಟದ ಎದುರಿನಿಂದ ಎದ್ದು ಹೋಗಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಫೆಬ್ರವರಿಯ ಸಮಾರೋಪಕ್ಕೆ ಅವರೇ ಖುದ್ದಾಗಿ ಬರುವವರಿದ್ದರು. ಬೆಳಿಗ್ಗೆ ಭಾಷಣ, ಮಧ್ಯಾಹ್ನ ಡೀನ್ ಜೊತೆ ಮೀಟಿಂಗು, ಕೋಣೆ ಉಂಟೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನ.

ಒಂದು ಜೋಡಿಗೆ ವೇದಿಕೆಯಲ್ಲಿ ಹತ್ತೇ ನಿಮಿಷ. ಆಮೇಲೆ ಗಂಟೆ. ಗಂಟೆಯಾದರೆ ಯಾವ ಮಹಾಪಂಡಿತನಾದರೂ ಇಳಿಯಬೇಕು. ಇದನ್ನು ಕೇಳಿದಾಗಿನಿಂದ, ಸಂಶೋಧಕರೆಲ್ಲ ಇಳಿದುಕೊಂಡಿದ್ದ ಅತಿಥಿಗೃಹದಲ್ಲಿ ಮೋದುಪೆಯ ಚಿಂತೆಯಿಂದ ಎಲ್ಲರಿಗಿಂತ ಹೆಚ್ಚು ನಿದ್ದೆ ಕೆಟ್ಟವನು ಕಿಪ್ಲಗಾಟ್. ಅವನು ಕೆನ್ಯದವನು, ಹಸುವಿನ ಹಾಲಿನ ಬಗ್ಗೆ ಕೆಲಸ ಮಾಡಲು ಬಂದ ತರುಣ ಪಶುವೈದ್ಯ. ಅವನ ಊರಿನ ಹೆಸರು ಕೇಳಿದ ಅಮೆರಿಕನ್ನರೆಲ್ಲ 'ಓಟಗಾರರ ಊರು!' ಎಂದು ಕಣ್ಣರಳಿಸುತ್ತಾರೆ. ಇವನು ಕಣ್ಣೆದುರು ಬಸ್ಸು ಹೊರಟರೂ ಓಡಿದವನಲ್ಲ. ಮೋದುಪೆ ಅಲಸಂದೆ ರುಬ್ಬಿ ಹಬೆಯಲ್ಲಿ ಬೇಯಿಸುವ ಮೊಯಿನ್‌ಮೊಯಿನ್ ತಿಂದು ತಿಂದು ಅವನ ಋಣಭಾರ ಸೊಂಟದ ಸುತ್ತ ಕಾಣುವಂತಾಗಿತ್ತು. ಆ ಋಣ ತೀರಿಸಲೆಂದೇ ಒಂದು ಭಾನುವಾರ ಅಡಿಗೆಮನೆಯ ಮೇಜಿನ ಮೇಲೆ ಮೊಟ್ಟೆ ಬೇಯಿಸುವ ಗಡಿಯಾರ ಇಟ್ಟುಕೊಂಡು ಕೂತ.

"ಶುರು ಮಾಡಿ ಆಂಟಿ. ನಾನೇ ಸಭೆ."

ಮೋದುಪೆ ಸೌಟು ಹಿಡಿದೇ ಎದ್ದು ನಿಂತಳು. ಡೀನ್‌ಗೆ ವಂದಿಸಿದಳು. ಡೀನ್ ತಾಯಿಗೆ ವಂದಿಸಿದಳು. ವಿಭಾಗದ ಹಿರಿಯರಿಗೆ, ಹಿರಿಯರಲ್ಲದಿದ್ದರೂ ಹಾಗೆ ಭಾವಿಸಿಕೊಂಡವರಿಗೆ, ಹಸಿರುಮನೆಗೆ ನೀರು ಬಿಡುವ ಮಾರ್ಲಿನ್‌ಗೆ, ಈ ದೇಶದ ಮಣ್ಣಿಗೆ ವಂದಿಸಿದಳು. ಗಡಿಯಾರ ಟ್ರಿಣ್ ಎಂದಿತು.

"ಅಲಸಂದೆ ಎಲ್ಲಿ ಆಂಟಿ?"

"ಬರ್ತಾ ಇತ್ತು ಕಣೋ."

"ಎಲ್ಲಿಂದ, ಇಬಾದಾನಿಂದ ನಡ್ಕೊಂಡಾ?"

"ನಗಬೇಡ. ಮುಖ ನೋಡಿದ ತಕ್ಷಣ ಹುಳದ ವಿಷಯ ಎತ್ತೋಕೆ ನಾನೇನು ಸಾಲ ವಸೂಲಿಗೆ ಬಂದೋಳಾ?"

"ನಮ್ಮ ಕಡೆ 'ಗಣ್ಯರೆಲ್ಲರಿಗೂ ವಂದನೆ' ಅಂದ್ಬಿಟ್ಟು ಶುರು ಹಚ್ಕೊಂಡುಬಿಡ್ತೀವಿ. ಒಂದೇ ಉಸಿರು."

"ಅದು ವಂದನೆ ಅಲ್ಲ, ಕೊಟ್ಟಿಗೆಗೆ ಹುಲ್ಲು ಎಸೆದ ಹಾಗೆ."

"ಹಾಗೆ ಎಸೆದ್ರೂ ಹಸುಗಳು ಹಾಲು ಕೊಡ್ತವೆ ಆಂಟಿ. ನಾನು ಅಳೆದು ನೋಡಿದ್ದೀನಿ."

ಚೌಕಾಸಿ ಬಹಳ ಹೊತ್ತು ನಡೆಯಿತು. ಕಿಪ್ಲಗಾಟ್ ಒಬ್ಬೊಬ್ಬರನ್ನೇ ಹೊಡೆದು ಹಾಕುತ್ತ ಬಂದ. ಮಾರ್ಲಿನ್ ಹೋದಳು, ಈ ದೇಶದ ಮಣ್ಣು ಹೋಯಿತು, ಡೀನ್ ತಾಯಿ ಹೋದಾಗ ಮೋದುಪೆ ಹನಿಗಣ್ಣಾದಳು. ಕೊನೆಗೆ ಉಳಿದದ್ದು ಒಂದೇ ಹೆಸರು, ಪ್ರೊಫೆಸರ್ ಒಯೆವೋಲೆ.

"ಅವರೊಬ್ಬರಿಗೆ ಹೇಳಿ ಆಂಟಿ, ಎಷ್ಟು ಬಗ್ಗಬೇಕೋ ಬಗ್ಗಿ. ಮಿಕ್ಕೋರಿಗೆಲ್ಲ ಒಂದು ನಗು. ಆಮೇಲೆ ನೇರ ಹುಳು."

"ಒಂದೇ ಹೆಸರು," ಎಂದು ಮೋದುಪೆ ಒಪ್ಪಿಕೊಂಡಳು, ಯಾರೋ ತೀರಿಕೊಂಡ ಸುದ್ದಿ ಕೇಳಿದವಳ ದನಿಯಲ್ಲಿ. ಆಮೇಲೆ ಆ ವಾರವೆಲ್ಲ ಪಾತ್ರೆ ತೊಳೆಯುವಾಗ, ಬಸ್ಸು ಕಾಯುವಾಗ ಆ ಒಂದು ಹೆಸರನ್ನೇ ಬಾಯಿಪಾಠ ಮಾಡಿದಳು.

ಸಮಾರೋಪದ ದಿನ ಸಭಾಂಗಣ ತುಂಬಿತ್ತು. ಮೋದುಪೆ ನೀಲಿ ಗೆಲೆ ಸುತ್ತಿಕೊಂಡಿದ್ದಳು. ಆ ತಲೆವಸ್ತ್ರದ ಹಿಂದೆ ಕೂತವರಿಗೆ ಪರದೆ ಅರ್ಧ ಕಾಣುತ್ತಿರಲಿಲ್ಲ. ಅವಳ ಸರದಿ ಬಂತು. ಏಳು ನಿಮಿಷ ಅವಳದು, ಮೂರು ನಿಮಿಷ ಡಿರ್ಕ್‌ನದು. ವೇದಿಕೆ ಹತ್ತಿ, ಉಸಿರೆಳೆದುಕೊಂಡು, ಮೊದಲ ಸಾಲಿನ ನಡುವಿನ ಕುರ್ಚಿಯ ಕಡೆ ಬಗ್ಗಲು ಹೊರಟಳು. ಕುರ್ಚಿ ಖಾಲಿ. ಒಯೆವೋಲೆ ಎಂದು ಬರೆದ ಚೀಟಿ ಮಾತ್ರ ಅಲ್ಲಿ ಕೂತಿತ್ತು.

ಮೋದುಪೆ ತಬ್ಬಿಬ್ಬಾದಳು. ಖಾಲಿ ಕುರ್ಚಿಗೆ ಬಗ್ಗಿ ವಂದಿಸುವುದು ಶ್ರದ್ಧಾಂಜಲಿ ಸಭೆಯಲ್ಲಿ ಮಾತ್ರ. ಬದುಕಿರುವ ಹಿರಿಯರಿಗೆ ಹಾಗೆ ಮಾಡಿದರೆ ಅಪಶಕುನ. ಕೈತೊಳೆಯಲು ಹೋಗಿರಬೇಕು, ಈಗ ಬರುತ್ತಾರೆ, ಬಂದ ತಕ್ಷಣ ಹೇಳಿದರಾಯಿತು ಎಂದುಕೊಂಡಳು. ಅಲ್ಲಿಯ ತನಕ ಸುಮ್ಮನೆ ನಿಲ್ಲಲಾದೀತೇ? ಡೀನ್ ಎದುರಿಗೇ ಕೂತಿದ್ದರು. ಅವರಿಗೊಂದು ಹೇಳಿದಳು. ಡೀನ್‌ಗೆ ಹೇಳಿದ ಮೇಲೆ ಅವರ ತಾಯಿಯನ್ನು ಬಿಡುವುದು ಹೇಗೆ? ಮೂರನೆಯ ಸಾಲಿನಲ್ಲಿ ಮಾರ್ಲಿನ್ ಕಂಡಳು. ರಜೆಯ ದಿನವೂ ಬಂದು ಗಿಡಗಳಿಗೆ ನೀರುಣಿಸಿದ ಕೈಗೆ ವಂದನೆ ಎಂದಳು. ಗೋಡೆಗೊರಗಿ ನಿಂತ ಬಸ್ ಡ್ರೈವರ್ ಕಂಡ. ಚಳಿಯಲ್ಲಿ ಇವಳಿಗಾಗಿ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದವನು ಅವನು, ಅವನ ತಾಳ್ಮೆಗೂ ವಂದನೆ ಸಂದಿತು. ಹೊಡೆದುಹಾಕಿದ ಹೆಸರುಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಕಿಪ್ಲಗಾಟ್ ತಲೆಯ ಮೇಲೆ ಕೈಹೊತ್ತು ಕೂತ.

ಡಿರ್ಕ್ ವೇದಿಕೆಯ ಮೂಲೆಯಿಂದ ಒಂದು ಸಲ ಕೆಮ್ಮಿದ. ಆಗ ಮೋದುಪೆಗೆ ಎಚ್ಚರವಾಯಿತು. ಗೋಡೆಯ ಗಡಿಯಾರ ನೋಡಿ ಅಲಸಂದೆಗೆ ಹಾರಿದಳು. ಹಾರಿದವಳು ಚೆನ್ನಾಗಿಯೇ ಹಾರಿದಳು. ಮೊಟ್ಟೆ, ಮರಿ, ಸಿಪ್ಪೆ, ಪೇಟೆಯ ಹೆಂಗಸರ ತಕರಾರು, ಮುಂದೆ ಮಾಡಬೇಕಾದ ಕೆಲಸ, ಅದಕ್ಕೆ ಬೇಕಾದ ಒಂದು ಕೋಣೆ, ಎಲ್ಲವನ್ನೂ ಹೇಳಿದಳು. ಜನ ಒಂದೆರಡು ಕಡೆ ನಕ್ಕರು, ಸಾಯುವ ಮರಿಗಳ ಚಿತ್ರ ಬಂದಾಗ ಮುಂದಕ್ಕೆ ಬಾಗಿ ನೋಡಿದರು. ಅವಳು ಮುಗಿಸಿದಾಗ ಡಿರ್ಕ್ ಪಾಲಿಗೆ ಅರ್ಧ ನಿಮಿಷ ಉಳಿದಿತ್ತು. ಅವನು ಎದ್ದು, "ಅವರು ಹೇಳಿದ್ದೆಲ್ಲಾ ಸರಿ," ಎಂದು ಕೂತ. ಅವನಿಗೆ ಆ ಅರ್ಧ ನಿಮಿಷವೂ ಹೆಚ್ಚೇ ಆಗಿತ್ತು.

ಗಂಟೆ ಹೊಡೆಯಿತು, ದೀಪಗಳು ಹತ್ತಿಕೊಂಡವು. ಆಗ ಮೋದುಪೆ ಕಂಡಳು. ಕಟ್ಟಕಡೆಯ ಸಾಲಿನಲ್ಲಿ, ಹೀಟರಿಗೆ ಆತುಕೊಂಡು, ಅಗಲವಾದ ಅಗ್ಬಾದ ನಿಲುವಂಗಿಯ ಮೇಲೆ ಯಾರದೋ ದಪ್ಪ ಕೋಟು ಹೊದ್ದು ಪ್ರೊಫೆಸರ್ ಒಯೆವೋಲೆ ಕೂತಿದ್ದರು. ಚಳಿ ತಾಳಲಾರದೆ ಮೊದಲಿನಿಂದಲೂ ಅಲ್ಲೇ ಇದ್ದರಂತೆ. ಬಸ್ ಡ್ರೈವರಿಗೂ ಸಂದ ವಂದನೆ ಅವರಿಗೆ ಸಂದಿರಲಿಲ್ಲ. ಹೇಳಲೇಬೇಕಾಗಿದ್ದ ಒಂದೇ ಒಂದು ಹೆಸರು ಅವರದು.

ನೆಲ ಬಾಯಿಬಿಟ್ಟಿದ್ದರೆ ಮೋದುಪೆ ಸಂತೋಷವಾಗಿ ಇಳಿದುಹೋಗುತ್ತಿದ್ದಳು. ಮೆಟ್ಟಿಲಿಳಿದು, ಕುರ್ಚಿಗಳ ನಡುವೆ ಗೆಲೆ ಓರೆಯಾಗುವಂತೆ ಓಡಿ, ಅವರೆದುರು ಹೋಗಿ ನಿಂತಳು. "ಸರ್..." ಎನ್ನುವಷ್ಟರಲ್ಲಿ ಅವರು ಕೈ ಎತ್ತಿದರು.

"ಆಮೇಲೆ," ಎಂದರು. ಅಷ್ಟೇ. ಎದ್ದು ಚಹಾದ ಕಡೆ ನಡೆದರು.

ಮಧ್ಯಾಹ್ನದ ತನಕ ಮೋದುಪೆ ಮೂಲೆಯ ಕುರ್ಚಿ ಬಿಟ್ಟು ಏಳಲಿಲ್ಲ. ಕಿಪ್ಲಗಾಟ್ ಪಕ್ಕದಲ್ಲೇ ಕೂತು, "ನನ್ನದೇ ತಪ್ಪು ಆಂಟಿ, ಪೂರ್ತಿ ಹೇಳೋಕೆ ಬಿಟ್ಟಿದ್ರೆ ಅವರ ಹೆಸರೂ ಬರ್ತಿತ್ತು," ಎಂದು ಹಲುಬಿದ. ಇವಳು ಅವನ ಬೆನ್ನು ಸವರಿದಳು. ಯಾರು ಯಾರನ್ನು ಸಮಾಧಾನ ಮಾಡಬೇಕೆಂಬುದೇ ತಿಳಿಯದ ಪರಿಸ್ಥಿತಿ.

ಮೀಟಿಂಗಿನಲ್ಲಿ ನಾಲ್ಕೇ ಜನ. ಡೀನ್, ಡಿರ್ಕ್, ಮೋದುಪೆ, ಒಯೆವೋಲೆ. ಡೀನ್ ಮಾತು ತೆಗೆದರು: ಸಾಮಾನು ಕಳಿಸಲು ಇಲ್ಲಿ ಒಪ್ಪಿಗೆಯಾಗಿದೆ, ಕೋಣೆಯ ವಿಷಯದಲ್ಲಿ ತಮ್ಮ ಅಭಿಪ್ರಾಯವೇನು? ಒಯೆವೋಲೆ ಕೋಟು ಬಿಚ್ಚಿಟ್ಟರು. ಅಗ್ಬಾದದ ತೋಳುಗಳನ್ನು ಒಂದೊಂದಾಗಿ ಮಡಚಿ ಹೆಗಲಿಗೇರಿಸಿದರು. ಅದನ್ನು ಕಂಡರೆ ಇಬಾದಾನಿನಲ್ಲಿ ದೊಡ್ಡ ದೊಡ್ಡವರೂ ಎದ್ದು ನಿಲ್ಲುತ್ತಾರೆ.

"ಅದಕ್ಕೆ ಮುಂಚೆ ನಂದೊಂದು ದೂರಿದೆ," ಎಂದರು.

ಮೋದುಪೆ ಕುರ್ಚಿಯಿಂದ ಜಾರಿ ಮಂಡಿಯೂರಲು ಹೊರಟಳು. "ತಪ್ಪಾಯ್ತು ಸರ್. ಹೊಟ್ಟೆಗೆ ಹಾಕ್ಕೊಳ್ಳಿ."

"ಕೂತ್ಕೊಳಮ್ಮ. ನೀನು ಮಂಡಿಯೂರಿದ್ರೆ ಎಬ್ಬಿಸೋಕೆ ಇಬ್ಬರು ಬೇಕು." ಅವರು ಡೀನ್ ಕಡೆ ತಿರುಗಿದರು. "ನೋಡಿ ಸ್ವಾಮಿ, ನಾನು ಎಷ್ಟೋ ವರ್ಷದಿಂದ ಸಭೆಗಳಿಗೆ ಹೋಗ್ತಾ ಇದ್ದೀನಿ. ಮೊದಲು ನನ್ನ ಹೆಸರು ಹೇಳ್ತಾರೆ. ಹೇಳಿದ್ಮೇಲೆ ನಾನು ಕಣ್ಣು ಮುಚ್ಕೋತೀನಿ. ಚಪ್ಪಾಳೆಗೆ ಎಚ್ಚರ ಆಗುತ್ತೆ. ಇವತ್ತು ಹೀಟರ್ ಪಕ್ಕ ಒಳ್ಳೇ ನಿದ್ದೆ ಬರೋ ಜಾಗ ಹಿಡಿದು ಕೂತಿದ್ದೆ. ಇವಳು ನಿಮಗೆ ಹೇಳಿದ್ಲು. ನಿಮ್ಮ ತಾಯಿಗೆ ಹೇಳಿದ್ಲು. ಬಸ್ ಓಡಿಸೋನಿಗೆ ಹೇಳಿದ್ಲು. ಈಗ ನಂದು ಬರುತ್ತೆ, ಈಗ ಬರುತ್ತೆ ಅಂತ ಕಿವಿ ನಿಮಿರಿಸ್ಕೊಂಡು ಕೂತೆ. ಮೊಟ್ಟೆ ಬಂತು, ಮರಿ ಬಂತು, ಸಿಪ್ಪೆ ಬಂತು. ನಾನು ಬರ್ಲೇ ಇಲ್ಲ! ಎಲ್ಲಿ ತಪ್ಪಿಹೋಗುತ್ತೋ ಅಂತ ಒಂದಕ್ಷರ ಬಿಡದೆ ಕೇಳ್ದೆ. ಒಂದು ಭಾಷಣ ಪೂರ್ತಿ ಕೇಳಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು."

ಡಿರ್ಕ್ ನಕ್ಕುಬಿಟ್ಟ. ಅವನು ಹಲ್ಲು ಬಿಟ್ಟು ನಕ್ಕದ್ದನ್ನು ಡೀನ್ ಕೂಡ ಹಿಂದೆ ಕಂಡಿರಲಿಲ್ಲ.

ಒಯೆವೋಲೆ ನಗಲಿಲ್ಲ. ಅವರು ಮೋದುಪೆಯನ್ನೇ ನೋಡುತ್ತಿದ್ದರು. "ಊರಲ್ಲಿದ್ದಾಗ ಇಂಥಾ ಕೋಣೆ ಕೇಳೋಕೆ ನೀನು ನನ್ನ ಹತ್ತಿರ ಎಷ್ಟು ಸಲ ಬಂದಿದ್ದೆ?"

"ಮೂರು ಸಲ ಬಂದಿದ್ದೆ ಸರ್."

"ಒಂದು ಸಲನಾದ್ರೂ ಕೇಳಿದ್ಯಾ?"

ಮೂರು ಸಲವೂ ಅವಳು ಅವರ ಆರೋಗ್ಯ, ಅವರ ಮನೆಯವರು, ಅವರ ಅಣ್ಣನ ಕಣ್ಣಿನ ಆಪರೇಷನ್ ಎಲ್ಲ ವಿಚಾರಿಸಿ ಮುಗಿಸುವಷ್ಟರಲ್ಲಿ ಗುಮಾಸ್ತ ಬಂದು ಅವರನ್ನು ಇನ್ನೊಂದು ಮೀಟಿಂಗಿಗೆ ಕರೆದಿದ್ದ. ಕೇಳಿ ಬಂದೆ, ಅವರು ಕೊಡಲಿಲ್ಲ ಎಂದೇ ಅವಳು ಈತನಕ ನಂಬಿದ್ದಳು.

"ನೀನು ಕೇಳ್ಲಿಲ್ಲ, ನಾನೂ ಯಾಕೆ ಬಂದೆ ಅನ್ನಲಿಲ್ಲ. ನಮಸ್ಕಾರಕ್ಕೇ ಬಂದಿದ್ದಾಳೆ ಅಂದ್ಕೊಂಡೆ. ಚೆನ್ನಾಗಿತ್ತು, ಇರ್ಲಿ ಅಂತ ಸುಮ್ಮನಿದ್ದೆ." ಅವರು ಗಂಟಲು ಸರಿಮಾಡಿಕೊಂಡರು. "ನನ್ನ ಆಫೀಸಿನ ಪಕ್ಕದ ಕೋಣೆ ತಗೋ. ನಮ್ಮಲ್ಲಿ ಕರೆಂಟು ಹೋಗದೇ ಇರೋದು ಅದೊಂದೇ."

"ಸರ್, ಅದು... ನಿಮ್ಮನ್ನ ಕಾಣೋಕೆ ಬರೋರು ಕೂರೋ ಕೋಣೆ!"

"ಅವರು ಹೊರಗೆ ಮಾವಿನ ಮರದ ಕೆಳಗೆ ಕೂರ್ಲಿ. ಒಳಗೆ ನಿನ್ನ ಹುಳುಗಳು ಕೂರ್ಲಿ."

ಮೋದುಪೆಗೆ ಅಳು ಒತ್ತಿಕೊಂಡು ಬಂತು. ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಲುಕುತ್ತ, ಒಂದು ಮಾತೂ ಆಡಲಾಗದೆ ಕೂತಳು. ಡೀನ್ ಏನು ಮಾಡಬೇಕೆಂದು ತೋಚದೆ ನೀರಿನ ಲೋಟವನ್ನು ಅವಳತ್ತ ಸರಿಸಿದರು. ಒಯೆವೋಲೆ ಮತ್ತೆ ಕೋಟು ಹೊದ್ದುಕೊಂಡು, ಸಾಮಾನು ಹಡಗಿನಲ್ಲಿ ಬರುತ್ತದೋ ವಿಮಾನದಲ್ಲೋ ಎಂದು ಡಿರ್ಕ್‌ನನ್ನು ಕೇಳತೊಡಗಿದರು.